ಬಾರ್ ಫೈಲ್ ಒಂದೇ, ಸರ್ವರ್ ಮೂರು: ಕ್ಯೂ ಹೆಸರು ಎಲ್ಲಿ ಬದಲಿಸಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಗೋಕುಲ ರೋಡಿನ ಒಂದು ಸಣ್ಣ ಕಂಪನಿಗೆ ಸೇರಿ ಎಂಟು ತಿಂಗಳಾಯಿತು. ನಮ್ಮ ಗ್ರಾಹಕರದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ತೂಕದ ಚೀಟಿಗಳು ಐಬಿಎಂ ಎಂಕ್ಯೂ (ಮೆಸೇಜ್ ಸಾಗಿಸುವ ಸಾಫ್ಟ್‌ವೇರ್) ಕ್ಯೂಗೆ, ಅಂದರೆ ಅದರ ಸರದಿ ಸಾಲಿಗೆ, ಬಂದು ಬೀಳುತ್ತವೆ. ಆ್ಯಪ್ ಕನೆಕ್ಟ್ ಎಂಟರ್‌ಪ್ರೈಸ್ 12ರಲ್ಲಿ ಮಾಡಿದ ಮೆಸೇಜ್ ಫ್ಲೋ (ನೋಡ್ ಅನ್ನೋ ಹಂತಗಳನ್ನು ಜೋಡಿಸಿದ ಸರಣಿ) ಅವನ್ನು ಎತ್ತಿ ಲೆಕ್ಕದ ಸಾಫ್ಟ್‌ವೇರಿಗೆ ಕಳಿಸುತ್ತದೆ.

ಡೆವ್, ಟೆಸ್ಟ್, ಪ್ರೊಡಕ್ಷನ್ ಮೂರರಲ್ಲೂ ಕ್ಯೂ ಹೆಸರು ಬೇರೆ. ಪ್ರತಿ ಸಲ ಟೂಲ್‌ಕಿಟ್ ತೆಗೆದು, ನೋಡ್‌ನಲ್ಲಿ ಹೆಸರು ಬದಲಿಸಿ, ಹೊಸ ಬಾರ್ ಫೈಲ್ (ಸರ್ವರಿಗೆ ಹಾಕೋ ಫ್ಲೋನ ಗಂಟು) ಕಟ್ಟುತ್ತಿದ್ದೆ. ಇದು ತಪ್ಪು ಅಂತ ಸೀನಿಯರ್ ಹೇಳಿದರು. ಅದಕ್ಕೆ ಓವರ್‌ರೈಡ್ ಹಾಳೆ (ಯಾವ ಪ್ರಾಪರ್ಟಿಗೆ ಯಾವ ಹೊಸ ವ್ಯಾಲ್ಯೂ ಅನ್ನೋ ಪಟ್ಟಿ) ಬರೆದು ಎಂಕ್ಯೂಎಸ್‌ಐ ಅಪ್ಲೈ ಬಾರ್ ಓವರ್‌ರೈಡ್ ಕಮಾಂಡ್ ಕೊಟ್ಟೆ. ಕೊನೆಯಲ್ಲಿ ಯಶಸ್ವಿ ಅಂತ ಬಂತು. ಡಿಪ್ಲಾಯ್ ಮಾಡಿದರೆ ಹಳೇ ಕ್ಯೂನೇ! ಹೋದ ವಾರ ಕ್ಯೂ ನೇಮ್ ಪ್ರಾಪರ್ಟಿಯನ್ನು ಪ್ರಮೋಟ್ ಮಾಡಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇನ್ನೊಂದು: ಸೀಸನ್‌ನಲ್ಲಿ ಚೀಟಿ ಜಾಸ್ತಿ ಬಂದು ಕ್ಯೂ ತುಂಬುತ್ತದೆ. ಅಡಿಷನಲ್ ಇನ್‌ಸ್ಟೆನ್ಸ್ (ಅದೇ ಫ್ಲೋ ಒಟ್ಟಿಗೆ ಓಡುವ ಹೆಚ್ಚುವರಿ ಪ್ರತಿಗಳು) 4 ಅಂತ ಹಾಕಿದರೆ ಸಾಕಾ?

ಉತ್ತರ (ಮಿಡಲ್‌ವೇರ್ ಕೆಲಸದವರು, ಧಾರವಾಡ):

ಸಂಬಂಧ ಇದೆ, ಅದೇ ಕಾರಣ ಅನ್ನಿಸುತ್ತದೆ. ನಿಮ್ಮ ಹಾಳೆಯಲ್ಲಿ ಸಾಲು ಹೀಗಿರಬೇಕು, ಅಲ್ವಾ? ಫ್ಲೋ ಹೆಸರು, ಹ್ಯಾಶ್ ಗುರುತು, ನೋಡ್ ಹೆಸರು, ಚುಕ್ಕೆ, ಪ್ರಾಪರ್ಟಿ ಹೆಸರು, ಸಮ ಚಿಹ್ನೆ, ಹೊಸ ವ್ಯಾಲ್ಯೂ. ಕನ್ನಡದಲ್ಲಿ ಬರೆದರೆ ಇಷ್ಟು:

ತೂಕಫ್ಲೋ#ಚೀಟಿಇನ್.ಕ್ಯೂನೇಮ್=ಟೆಸ್ಟ್.ತೂಕ.ಇನ್

ಪ್ರಮೋಟ್ ಮಾಡಿದ ಮೇಲೆ ಆ ಪ್ರಾಪರ್ಟಿ ನೋಡ್‌ನ ಕೈಬಿಟ್ಟು ಫ್ಲೋನ ಕೈಗೆ ಬಂತು. ಈಗ ನೋಡ್ ಹೆಸರು ಬೇಡ. ತೂಕಫ್ಲೋ, ಹ್ಯಾಶ್, ಪ್ರಮೋಟ್ ಮಾಡುವಾಗ ನೀವು ಕೊಟ್ಟ ಹೆಸರು, ಅಷ್ಟೇ. ಹಳೇ ವಿಳಾಸಕ್ಕೆ ಪತ್ರ ಹಾಕಿದರೆ ಮನೆ ಬದಲಿಸಿದವರಿಗೆ ಮುಟ್ಟುತ್ತದೆಯೇ?

ಊಹಿಸಿ ಬರೆಯಬೇಡಿ. ಮೊದಲು ಎಂಕ್ಯೂಎಸ್‌ಐ ರೀಡ್ ಬಾರ್ ಕಮಾಂಡನ್ನು ಮೈನಸ್ ಆರ್ ಹಾಕಿ ಓಡಿಸಿ. ಬಾರ್ ಅಂದರೆ ಒಂದು ಜಿಪ್ ಫೈಲ್. ಅದರೊಳಗೆ ಆ್ಯಪ್ ಇನ್ನೊಂದು ಜಿಪ್ಪಾಗಿ ಕೂತಿರುತ್ತದೆ. ಮೈನಸ್ ಆರ್ ಇದ್ದರೆ ಕಮಾಂಡ್ ಒಳಗಿನವರೆಗೂ ಇಳಿದು ನೋಡುತ್ತದೆ. ಬದಲಿಸಬಹುದಾದ ಎಲ್ಲ ಹೆಸರೂ ಅಲ್ಲಿ ಬರುತ್ತವೆ, ಅಲ್ಲಿಂದಲೇ ಹಾಳೆಗೆ ಕಾಪಿ ಮಾಡಿ. ಓವರ್‌ರೈಡ್ ಕಮಾಂಡಿಗೂ ಮೈನಸ್ ಆರ್ ಬೇಕು, ಇಲ್ಲವೇ ಮೈನಸ್ ಕೆ ಹಾಕಿ ಆ್ಯಪ್ ಹೆಸರು ಕೊಡಬೇಕು. ಕೊನೆಯ "ಯಶಸ್ವಿ" ಸಾಲನ್ನು ನಂಬಬೇಡಿ, ಅದರ ಮೇಲಿನ ಸಾಲುಗಳನ್ನು ಓದಿ. ಯಾವ ಪ್ರಾಪರ್ಟಿ ನಿಜವಾಗಿ ಬದಲಾಯಿತು ಅಂತ ಅಲ್ಲೇ ಇರುತ್ತದೆ. ಕ್ಯೂ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅನ್ನೋದೂ ನೆನಪಿರಲಿ.

ಮೈನಸ್ ಓ ಹಾಕಿ ಹೊಸ ಫೈಲಿನ ಹೆಸರು ಕೊಡೋದು ಮರೆಯಬೇಡಿ. ಅದು ಇಲ್ಲದಿದ್ದರೆ ಕಮಾಂಡ್ ನೀವು ಕೊಟ್ಟ ಬಾರ್ ಫೈಲನ್ನೇ ತಿದ್ದಿಬಿಡುತ್ತದೆ. ನಾನು ಹೀಗೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಮೂಲ ಬಾರ್ ಮೇಲೆಯೇ ಟೆಸ್ಟ್ ಹಾಳೆ ಓಡಿಸಿದ್ದೆ. ಆಮೇಲೆ ಅದೇ ಫೈಲಿಗೆ ಪ್ರೊಡಕ್ಷನ್ ಹಾಳೆ. ಹೊಸದಾಗಿ ಸೇರಿಸಿದ ಒಂದು ಔಟ್‌ಪುಟ್ ಕ್ಯೂ ಮಾತ್ರ ಪ್ರೊಡಕ್ಷನ್ ಹಾಳೆಯಲ್ಲಿ ಬಿಟ್ಟುಹೋಗಿತ್ತು. ಹಾಗಾಗಿ ಆ ಜಾಗದಲ್ಲಿ ಟೆಸ್ಟ್ ಹೆಸರೇ ಉಳಿಯಿತು. ಆ ಹೆಸರಿನ ಕ್ಯೂ ಪ್ರೊಡಕ್ಷನ್‌ನಲ್ಲಿ ಇರಲಿಲ್ಲ. 2085 ಅಂತ ಎರರ್ ಬಂತು, ಮೆಸೇಜ್ ಎಲ್ಲ ಬ್ಯಾಕ್‌ಔಟ್ ಕ್ಯೂಗೆ (ಸೋತ ಮೆಸೇಜ್ ಪಕ್ಕಕ್ಕಿಡುವ ಕ್ಯೂ) ಹೋಗಿ ಕೂತವು. ಅದೃಷ್ಟ ಅನ್ನಬೇಕು. ಆ ಹೆಸರಿನ ಕ್ಯೂ ಇದ್ದಿದ್ದರೆ ಮೆಸೇಜ್ ಸದ್ದಿಲ್ಲದೆ ಅಲ್ಲಿ ಬಿದ್ದಿರುತ್ತಿದ್ದವು, ನಮಗೆ ಗೊತ್ತಾಗುತ್ತಿದ್ದದ್ದು ತಿಂಗಳ ಕೊನೆಗೆ. ಈಗ ಮೂಲ ಬಾರ್ ಅನ್ನು ರೀಡ್ ಓನ್ಲಿ ಮಾಡಿಯೇ ಇಡುತ್ತೇನೆ.

ಇನ್‌ಸ್ಟೆನ್ಸ್ ವಿಷಯಕ್ಕೆ ಬರೋಣ. 4 ಅಂತ ಹಾಕಿದರೆ ನಾಲ್ಕು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆ) ಅಲ್ಲ, ಐದು. ಮೊದಲಿನದೊಂದು, ಮೇಲೆ ನಾಲ್ಕು. ಆದರೆ ಅದಕ್ಕೂ ಮೊದಲು ಒಂದು ಕೇಳಬೇಕು: ಒಂದೇ ಲಾಟಿಗೆ ಮೊದಲು ಚೀಟಿ, ಹಿಂದೆಯೇ ತಿದ್ದುಪಡಿ ಚೀಟಿ ಬರುತ್ತದೆಯಾ?

ಪ್ರಶ್ನೆ ಕೇಳಿದವರು:

ಬರುತ್ತದೆ ಮೇಡಂ. ಚೀಲದ ತೂಕ ಕಳೆಯೋದು ಮರೆತರೆ ಎರಡೇ ನಿಮಿಷದಲ್ಲಿ ತಿದ್ದಿ ಕಳಿಸುತ್ತಾರೆ.

ಉತ್ತರ (ಧಾರವಾಡ):

ಹಾಗಿದ್ದರೆ ಸುಮ್ನೆ ಐದು ಥ್ರೆಡ್ ಬಿಡಬೇಡಿ. ಕ್ಯೂ ತುಂಬಿದಾಗ ಎರಡೂ ಚೀಟಿ ಅಕ್ಕಪಕ್ಕದಲ್ಲೇ ಇರುತ್ತವೆ. ಮೂಲ ಚೀಟಿ ಒಂದು ಥ್ರೆಡ್‌ನಲ್ಲಿ ಡೇಟಾಬೇಸಿಗಾಗಿ ಕಾಯುತ್ತಿರುವಾಗ ತಿದ್ದುಪಡಿ ಇನ್ನೊಂದರಲ್ಲಿ ದಾಟಿ ಹೋಗಬಹುದು. ಆಮೇಲೆ ಹಳೇ ತೂಕ ಬಂದು ಹೊಸ ತೂಕದ ಮೇಲೆ ಕೂರುತ್ತದೆ. ಎಂಕ್ಯೂ ಇನ್‌ಪುಟ್ ನೋಡ್‌ನಲ್ಲಿ ಆರ್ಡರ್ ಮೋಡ್ ಅಂತ ಇದೆ. ಬೈ ಕ್ಯೂ ಆರ್ಡರ್ ಅಂತ ಇಟ್ಟರೆ ಸರದಿ ಕೆಡುವುದಿಲ್ಲ, ಆದರೆ ಹೆಚ್ಚಿನ ಥ್ರೆಡ್ ಇದ್ದೂ ಇಲ್ಲದಂತೆ. ನನ್ನ ಪ್ರಕಾರ ಲೆಕ್ಕದ ಕಡೆಯಲ್ಲೇ ಚೀಟಿಯ ಸಮಯ ನೋಡಿ, ಹಳೆಯದನ್ನು ತೆಗೆದುಕೊಳ್ಳದ ಹಾಗೆ ಮಾಡಿಸಿ. ಆಮೇಲೆ ಥ್ರೆಡ್ ಹೆಚ್ಚಿಸಿ. ಸಿಪಿಯು ಆಗಲೇ ಪೂರ್ತಿ ದುಡಿಯುತ್ತಿದ್ದರೆ ಥ್ರೆಡ್‌ನಿಂದ ಲಾಭ ಇಲ್ಲ, ಡೇಟಾಬೇಸಿಗೆ ಕಾಯುತ್ತಿದ್ದರೆ ಇದೆ.

ಗದಗಿನ ಸದಸ್ಯರು:

ಅಕ್ಕಾರ, ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರಾಗಬೇಡಿ. ಕಮಿಟ್ ಕೌಂಟ್ (ಎಷ್ಟು ಮೆಸೇಜಿಗೊಮ್ಮೆ ಕೆಲಸ ಖಾಯಂ ಮಾಡಬೇಕು ಅನ್ನೋ ಲೆಕ್ಕ) 1 ಇದ್ದದ್ದನ್ನು 50 ಮಾಡಿ ವೇಗ ಹೆಚ್ಚಿಸಿ ಅಂತ ನಮಗೊಬ್ಬರು ಹೇಳಿದ್ದರು. ಮಾಡಬಹುದಾ? ಹಾಗೆಯೇ ಡೇಟಾಬೇಸ್ ಪಾಸ್‌ವರ್ಡ್ ಆ ಹಾಳೆಯಲ್ಲೇ ಬರೆಯಬಹುದಾ?

ಉತ್ತರ (ಧಾರವಾಡ):

ಬೇಜಾರೇನೂ ಇಲ್ಲ. ಐವತ್ತು ಮೆಸೇಜ್ ಸೇರಿ ಒಂದೇ ಕಮಿಟ್ ಅಂದರೆ, ನಲವತ್ತನೆಯದು ಕೆಟ್ಟರೆ ಹಿಂದಿನ ಮೂವತ್ತೊಂಬತ್ತೂ ವಾಪಸ್. ದುಡ್ಡಿನ ಲೆಕ್ಕ ಇರುವ ಫ್ಲೋದಲ್ಲಿ ನಾನು 1ರಲ್ಲೇ ಬಿಡುತ್ತೇನೆ.

ಪಾಸ್‌ವರ್ಡ್ ಬೇಡವೇ ಬೇಡ. ಆ ಹಾಳೆ ಗಿಟ್‌ಗೆ ಹೋಗುತ್ತದೆ, ಮೇಲ್‌ನಲ್ಲಿ ಓಡಾಡುತ್ತದೆ. ಹಾಳೆಯಲ್ಲಿ ಡೇಟಾ ಸೋರ್ಸ್ ಹೆಸರು ಮಾತ್ರ ಇರಲಿ. ಯೂಸರ್, ಪಾಸ್‌ವರ್ಡ್ ಎರಡನ್ನೂ ಎಂಕ್ಯೂಎಸ್‌ಐ ಸೆಟ್ ಡಿಬಿ ಪಾರ್ಮ್ಸ್ ಕಮಾಂಡಿನಿಂದ ಆಯಾ ಸರ್ವರ್‌ನಲ್ಲೇ ಕೊಡಿ, ಇಲ್ಲವೇ ವಾಲ್ಟ್‌ನಲ್ಲಿ (ಗುಟ್ಟಿನ ವಿವರ ಬೀಗ ಹಾಕಿಡುವ ಜಾಗ) ಇಡಿ. ಕೊಟ್ಟ ಮೇಲೆ ಇಂಟಿಗ್ರೇಷನ್ ಸರ್ವರ್ ರೀಸ್ಟಾರ್ಟ್ ಮಾಡಿ. ಬ್ಯಾಕ್‌ಔಟ್ ಕ್ಯೂ ಹೆಸರು, ಎಷ್ಟು ಸಲ ಸೋತರೆ ಅಲ್ಲಿಗೆ ಕಳಿಸಬೇಕು ಅನ್ನೋ ಲೆಕ್ಕ, ಇವೂ ಬಾರ್‌ನಲ್ಲಿ ಇರುವುದಿಲ್ಲ. ಅವು ಎಂಕ್ಯೂ ಕಡೆ, ಆ ಇನ್‌ಪುಟ್ ಕ್ಯೂ ಮೇಲೆಯೇ ಇರುತ್ತವೆ.

ಪ್ರಶ್ನೆ ಕೇಳಿದವರು:

ಸಿಕ್ಕಿತು ಮೇಡಂ! ರೀಡ್ ಬಾರ್‌ನಲ್ಲಿ ನೋಡಿದರೆ ಪ್ರಮೋಟ್ ಮಾಡಿದ ಹೆಸರು "ಒಳಕ್ಯೂ" ಅಂತ ಇತ್ತು. ನಾನೇ ಕೊಟ್ಟಿದ್ದು, ನಾನೇ ಮರೆತಿದ್ದೆ. ಹಾಳೆ ತಿದ್ದಿದೆ, ಟೆಸ್ಟ್ ಸರಿಯಾಯಿತು. ಮೂರು ಸರ್ವರಿಗೆ ಮೂರು ಹಾಳೆ ಮಾಡಿದ್ದೇನೆ. ಥ್ರೆಡ್ ಸದ್ಯ ಮುಟ್ಟಿಲ್ಲ, ಲೆಕ್ಕದವರ ಜೊತೆ ಸೋಮವಾರ ಮಾತಾಡುತ್ತೇನೆ.

ಉತ್ತರ (ಧಾರವಾಡ):

ಒಳ್ಳೇದು. ಮೂರೂ ಹಾಳೆಯಲ್ಲಿ ಸಾಲುಗಳ ಸಂಖ್ಯೆ ಒಂದೇ ಇದೆಯಾ ಅಂತ ಈಗಲೇ ಎಣಿಸಿಬಿಡಿ. ನನ್ನದು ಒಂದು ಸಾಲು ಕಡಿಮೆ ಇತ್ತು.