ಸೈಕಲ್ ತೊಳೆದ ಮೇಲೆ ಚೈನ್ ಕಿರ್ರ್ ಅಂತಿದೆ, ಹಿಂದಿನ ಡಿಸ್ಕ್ ಬ್ರೇಕ್ ಹಿಡೀತಿಲ್ಲ

ಎರಡುಗಾಲಿ: ಹಿಂದೆ 8 ಗೇರ್, ಎರಡೂ ಚಕ್ರಕ್ಕೆ ಕೇಬಲ್ ಡಿಸ್ಕ್ ಬ್ರೇಕ್. ನಿನ್ನೆ ಚೈನನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಪೂರ್ತಿ ಸೈಕಲ್ ತೊಳೆದೆ. ಒರೆಸಿ, ಚೈನ್ ಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಇವತ್ತು ಮೂರು ತೊಂದರೆ: ಪೆಡಲ್ ತುಳಿದರೆ ಚೈನ್ ಕಿರ್ರ್ ಅನ್ನುತ್ತೆ. ಹಿಂದಿನ ಬ್ರೇಕ್ ಕೀರಲು ಸದ್ದು ಮಾಡುತ್ತೆ, ಹಿಡಿಯೋದಿಲ್ಲ. ಮುಂದಿನ ಬ್ರೇಕ್ ಸರಿಯಿದೆ, ಆದರೆ ಆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಕರಕರ ಅನ್ನುತ್ತೆ.

ಕಡ್ಡಿಚಕ್ರ: ಬ್ರೇಕ್ ಸರಿಯಾಗೋವರೆಗೆ ದಯವಿಟ್ಟು ರಸ್ತೆಗೆ ಇಳಿಸಬೇಡಿ. ಸ್ಪ್ರೇಯ ಹನಿ ಡಿಸ್ಕ್ ಮೇಲೆ ಕೂತಿದೆ. ಚೈನ್ ಬಲಗಡೆ, ಡಿಸ್ಕ್ ಎಡಗಡೆ ಇದ್ದರೂ, ಬಲದಿಂದ ಹೊಡೆದ ಸ್ಪ್ರೇ ಕಡ್ಡಿಗಳ ಸಂದಿನಲ್ಲಿ ಹಾದು ನೇರ ಅಲ್ಲಿಗೇ ಹೋಗುತ್ತೆ. ಮುಂದಿನ ಬ್ರೇಕ್ ಚೆನ್ನಾಗಿರೋದೂ ಅದನ್ನೇ ಹೇಳುತ್ತೆ.

ಬಿಳಿ ಟಿಶ್ಯೂನಿಂದ ಡಿಸ್ಕನ್ನು ಒಮ್ಮೆ ಒತ್ತಿ ಒರೆಸಿ ನೋಡಿ. ಒಣ ಬೂದುಬಣ್ಣದ ಪುಡಿ ಬಂದರೆ ಅದು ಪ್ಯಾಡಿನ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು) ಪುಡಿ, ಸಹಜ. ಟಿಶ್ಯೂ ಬೆಳಕಿಗೆ ಹಿಡಿದಾಗ ಎಣ್ಣೆ ಹೀರಿದ ಪಾರದರ್ಶಕ ಕಲೆ ಕಂಡರೆ ಅನುಮಾನವೇ ಬೇಡ.

ಚಕ್ರ ಬಿಚ್ಚಿ. ಐಸೊಪ್ರೊಪೈಲ್ ಆಲ್ಕೊಹಾಲ್ (90% ಅಥವಾ ಹೆಚ್ಚು) ಹಾಕಿದ ಶುದ್ಧ ಬಟ್ಟೆಯಿಂದ ಡಿಸ್ಕಿನ ಎರಡೂ ಮುಖ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಭಾಗ ತಗೊಳ್ಳಿ, ಇಲ್ಲದಿದ್ದರೆ ಅದೇ ಎಣ್ಣೆಯನ್ನು ಸವರಿದ ಹಾಗಾಗುತ್ತೆ. ಒರೆಸಿದ ಮೇಲೆ ಡಿಸ್ಕ್ ಬೆರಳಿಗೆ ತಾಗಬಾರದು. ಚರ್ಮದ ಜಿಡ್ಡೂ ಎಣ್ಣೆಯೇ.

ಆಮೇಲೆ ಪ್ಯಾಡ್. ಹೊರಗೆ ತೆಗೆದು, ಸಮತಟ್ಟು ಜಾಗದಲ್ಲಿ 120ರಿಂದ 180 ಗ್ರಿಟ್ ಸ್ಯಾಂಡ್‌ಪೇಪರ್ ಇಟ್ಟು, ಅದರ ಮೇಲೆ 8ರ ಆಕಾರದಲ್ಲಿ ಉಜ್ಜಿ. ಹೊಳಪು ಹೋಗಿ ಮುಖವೆಲ್ಲ ಒಂದೇ ಸಮ ಮಂಕಾಗಬೇಕು. ಪುಡಿ ಮೂಗಿಗೆ ಹೋಗದಂತೆ ಪೇಪರ್ ಒದ್ದೆ ಮಾಡಿಕೊಳ್ಳಿ, ಪ್ಯಾಡ್ ಚೆನ್ನಾಗಿ ಒಣಗಿಸಿ. ಉಜ್ಜಿದ ಮೇಲೂ ಎಣ್ಣೆಕಪ್ಪು ಕಲೆ ಉಳಿದರೆ ಅಥವಾ ಲೋಹದ ತಗಡಿನ ಮೇಲೆ 1 ಮಿ.ಮೀ.ಗಿಂತ ಕಡಿಮೆ ಪದರ ಇದ್ದರೆ ಹೊಸ ಜೋಡಿ ಹಾಕಿ. ಎಣ್ಣೆ ಸುಡಲೆಂದು ಪ್ಯಾಡನ್ನು ಬೆಂಕಿಗೆ ಹಿಡಿಯೋದು ಬೇಡ: ಪದರ ತಗಡಿನಿಂದ ಬಿಟ್ಟುಕೊಳ್ಳಬಹುದು, ಹೊಗೆಯೂ ಕೆಟ್ಟದ್ದು.

ಜೋಡಿಸಿದ ತಕ್ಷಣ ಪೂರ್ತಿ ಹಿಡಿತ ಬರೋದಿಲ್ಲ. ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ನಿಧಾನವಾಗಿ ಇಳಿಸಿ. ಚಕ್ರ ಲಾಕ್ ಆಗಬಾರದು. ಹೀಗೆ 15–20 ಸಲ ಮಾಡಿದರೆ ಪ್ಯಾಡಿನ ತೆಳು ಪದರ ಡಿಸ್ಕಿಗೆ ಹತ್ತಿ ಹಿಡಿತ ಮರಳುತ್ತೆ.

ಎರಡುಗಾಲಿ: ಪ್ಯಾಡ್ ಕನ್ನಡಿ ಹಾಗೆ ಹೊಳೀತಿತ್ತು. ಉಜ್ಜಿದ್ದೀನಿ, ಕಲೆ ಉಳಿದಿಲ್ಲ. ಆದರೆ ಚೈನಿಗೆ ಸ್ಪ್ರೇ ಹೊಡೆದ ಮೇಲೂ ಯಾಕೆ ಕಿರ್ರ್ ಅನ್ನುತ್ತೆ?

ಹಲ್ಲುಗಾಲಿ: ಎಣ್ಣೆ ಬೇಕಾಗಿರೋದು ಚೈನಿನ ಹೊರಗಲ್ಲ, ಒಳಗೆ. ಒಂದೊಂದು ಪಿನ್ನಿನ ಸುತ್ತ ಪುಟ್ಟ ರೋಲರ್ ತಿರುಗುತ್ತೆ, ಅದನ್ನು ಉಗುರಿನಿಂದ ಹೊರಳಿಸಿ ನೋಡಬಹುದು. ಪಿನ್ನಿಗೂ ಅದರ ಸುತ್ತಲಿನ ಲೋಹಕ್ಕೂ ನಡುವಿನ ಕೂದಲೆಳೆ ಸಂದಿಯಲ್ಲೇ ಸವೆತ ಆಗೋದು. ಸೀಮೆಎಣ್ಣೆ ಅಲ್ಲಿನ ಹಳೇ ಎಣ್ಣೆ ಕರಗಿಸಿ ತೆಗೀತು, ಪೈಪಿನ ನೀರು ಆ ಜಾಗಕ್ಕೆ ಹೋಯಿತು. ನೀವು ಹೊಡೆದ ಸ್ಪ್ರೇ ಬಹಳ ತೆಳು. ನೀರನ್ನು ಹೊರದೂಡುತ್ತೆ, ಆದರೆ ಅದರ ಹೆಚ್ಚಿನ ಭಾಗ ಆರಿಹೋಗಿ ತುಳಿಯುವ ಒತ್ತಡ ತಡೆಯುವಷ್ಟು ಪದರ ಉಳಿಯೋದಿಲ್ಲ.

ಚೈನನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಳಿ ಬೆಳಕಿನಲ್ಲಿ ಎರಡು ಗಂಟೆಯಾದರೂ ಒಣಗಲು ಬಿಡಿ. ಬಣ್ಣ ಅಥವಾ ಆಕಾರ ಬೇರೆ ಇರುವ ಜೋಡಣೆ ಕೊಂಡಿ ಹುಡುಕಿ, ಅಲ್ಲಿಂದ ಶುರು ಮಾಡಿ. ಪೆಡಲ್ ಹಿಮ್ಮುಖ ತಿರುಗಿಸುತ್ತಾ, ಕೆಳಗಿನ ಸಾಲಿನ ಒಳಮೈಗೆ ರೋಲರಿಗೊಂದು ಹನಿಯಂತೆ ಸೈಕಲ್ ಚೈನಿನ ಎಣ್ಣೆ ಬಿಡಿ. ಚೈನಿನಲ್ಲಿ ಸುಮಾರು 110 ಕೊಂಡಿ ಇರುತ್ತೆ, ಅಷ್ಟೇ ಹನಿ ಸಾಕು. ಅರ್ಧ ನಿಮಿಷ ತಿರುಗಿಸಿ, 10 ನಿಮಿಷ ಬಿಟ್ಟು, ಹೊರಮೈ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಈ ಒರೆಸುವ ಕೆಲಸವನ್ನೇ ಹೆಚ್ಚಿನವರು ಬಿಡುತ್ತಾರೆ. ಹೊರಗುಳಿದ ಎಣ್ಣೆಗೆ ಮಣ್ಣು ಹತ್ತಿ, ಅದು ಸಾಣೆಪುಡಿಯ ಹಾಗೆ ಲೋಹ ತಿನ್ನುತ್ತೆ. ಬೆರಳು ಹಲ್ಲುಚಕ್ರದಿಂದ ದೂರ ಇರಲಿ, ಬಟ್ಟೆಯ ತುದಿ ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತೆ.

ಚೈನ್ ಶುಚಿಯಾಗಿರುವಾಗಲೇ ಅಳೆದುಬಿಡಿ. ಚೈನ್ ಬಿಗಿಯಾಗಿರುವಾಗ ಒಂದು ಪಿನ್ನಿನ ಮಧ್ಯದಿಂದ 24 ಪಿನ್ ಮುಂದಕ್ಕೆ ಸರಿಯಾಗಿ 12 ಇಂಚು ಇರಬೇಕು. 1/16 ಇಂಚು ಹೆಚ್ಚು ಬಂದರೆ ಹೊಸ ಚೈನ್ ಹಾಕುವ ಕಾಲ. ತಡಮಾಡಿದರೆ ಹಿಂದಿನ ಹಲ್ಲುಗಳೂ ಹೋಗುತ್ತವೆ.

ಇನ್ನೊಂದು: ಚೈನಿನ ತುಕ್ಕಿಗೆ ಆಸಿಡ್ ಕ್ಲೀನರ್ ಮುಟ್ಟಿಸಲೇಬೇಡಿ. ಗಟ್ಟಿ ಉಕ್ಕು ಒಳಗೊಳಗೇ ಪೆಡಸಾಗಿ, ತುಳಿಯುವಾಗ ಕೊಂಡಿ ಮುರಿಯಬಹುದು.

ಕಡ್ಡಿಚಕ್ರ: ಮುಂದಿನ ಚಕ್ರದ ಕರಕರ ಹಬ್ಬಿನದ್ದು, ಅಂದರೆ ಚಕ್ರದ ನಡುವಿನ, ಒಳಗೆ ಉಕ್ಕಿನ ಗುಂಡುಗಳಿರುವ ಭಾಗದ್ದು. ಜೋರು ನೀರು ರಬ್ಬರ್ ಸೀಲ್ ದಾಟಿ ಗ್ರೀಸ್ ಒಳಗೆ ಹೋಗಿರಬೇಕು. ಕೋನ್ (ಗುಂಡುಗಳನ್ನು ಒತ್ತಿ ಹಿಡಿಯುವ, ಅಚ್ಚಿಗೆ ತಿರುಗಿಸಿ ಕೂರಿಸುವ ಬಿಲ್ಲೆ) ಇರುವ ಹಬ್ ಆದರೆ ತೆಳುವಾದ ಕೋನ್ ಸ್ಪ್ಯಾನರ್ (ಮುಂದಕ್ಕೆ ಸಾಮಾನ್ಯವಾಗಿ 13 ಮಿ.ಮೀ.) ಬೇಕು. ಬಿಚ್ಚಿ, ಗುಂಡುಗಳನ್ನು ಎಣಿಸಿಟ್ಟು ಒರೆಸಿ, ಹೊಸ ಗ್ರೀಸ್ ತುಂಬಿ. ಗುಂಡಿನ ಮೇಲಾಗಲಿ ಕೋನಿನ ಓಟದ ಗೆರೆಯಲ್ಲಾಗಲಿ ಗುಳಿ ಕಂಡರೆ ಅದು ಬದಲಾಗಬೇಕು. ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಲಿವರಿನಿಂದಲೇ ಬಿಗಿಯುವ) ಚಕ್ರಕ್ಕೆ ಕೂದಲೆಳೆಯಷ್ಟು ಅಲುಗಾಟ ಉಳಿಸಿ ಬಿಗಿ ಮಾಡಿ, ಲಿವರ್ ಒತ್ತಿದಾಗ ಅದು ಹೋಗುತ್ತೆ. ಒಳಗೆ ಬಿಡಿ ಗುಂಡುಗಳ ಬದಲು ಬೇರಿಂಗ್ ಕಾರ್ಟ್ರಿಜ್ (ಗುಂಡುಗಳನ್ನು ಒಳಗೇ ಮುಚ್ಚಿದ ಬಳೆ) ಇದ್ದರೆ ಅದನ್ನೇ ಬದಲಿಸೋದು.

ಎರಡುಗಾಲಿ: ಚೈನ್ ಸದ್ದು ನಿಂತಿದೆ, ಬ್ರೇಕ್ ಹನ್ನೆರಡನೇ ಸಲಕ್ಕೆ ಹಿಡಿಯಿತು. ಹಬ್ ನಾಳೆ ಬಿಚ್ಚುತ್ತೀನಿ. ಮುಂದಿನ ಸಲ ತೊಳೆಯೋದು ಹೇಗೆ?

ಹಲ್ಲುಗಾಲಿ: ಚೈನ್ ಮೊದಲು, ಅದರ ಕೊಳೆ ಕೆಳಗೆಲ್ಲ ಹಾರುತ್ತೆ. ಸೀಮೆಎಣ್ಣೆ 100 ಮಿ.ಲೀ. ಸಾಕು. ಕೈಗವಸು ಹಾಕಿ, ಬಯಲಿನಲ್ಲಿ, ಬೆಂಕಿಯಿಂದ ದೂರ, ಬ್ರಷ್ಷಿಗೆ ಅದ್ದಿ ಉಜ್ಜಿ. ಟೈರಿಗೂ ಡಿಸ್ಕಿಗೂ ತಾಗಬಾರದು. ಪೆಟ್ರೋಲ್ ಬೇಡವೇ ಬೇಡ, ಅದರ ಆವಿ ಸಣ್ಣ ಕಿಡಿಗೂ ಹತ್ತಿಕೊಳ್ಳುತ್ತೆ. ಬಳಸಿದ ಸೀಮೆಎಣ್ಣೆಯನ್ನು ಚರಂಡಿಗೆ ಸುರಿಯದೆ, ಹೆಸರು ಬರೆದ ಬಾಟಲಿಯಲ್ಲಿ ಮುಚ್ಚಿಡಿ. ಕೊಳೆ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮತ್ತೆ ಬಳಕೆಗೆ ಬರುತ್ತೆ.

ಉಳಿದದ್ದಕ್ಕೆ 5 ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಹ್ಯಾಂಡಲಿನಿಂದ ಕೆಳಕ್ಕೆ ಸ್ಪಂಜಿನಲ್ಲಿ ತೊಳೆದು, ಚೆಂಬಿನಲ್ಲಿ ನೀರು ಮೇಲಿನಿಂದ ಸುರಿಯಿರಿ. ಡಿಸ್ಕಿಗೆ ಬೇರೆಯೇ ಬಟ್ಟೆ. ಕೊನೆಗೆ ಸೈಕಲನ್ನು ಎರಡು ಸಲ ಮೆಲ್ಲಗೆ ನೆಲಕ್ಕೆ ಕುಟ್ಟಿ ನೀರು ಉದುರಿಸಿ, ಒರೆಸಿ, ಆಮೇಲೆ ಚೈನಿಗೆ ಹನಿ ಎಣ್ಣೆ. ಸ್ಪ್ರೇ ಹೊಡೆಯಲೇಬೇಕಾದರೆ ಬಟ್ಟೆಗೆ ಹೊಡೆದು, ಆ ಬಟ್ಟೆಯಿಂದ ಒರೆಸಿ.