ಎನ್‌ಎಫ್‌ಎಸ್: ಸಣ್ಣ ಫೈಲ್ ತೆರಿತಾವು, ದೊಡ್ಡದು ತೆಗೆದ್ರ ಮಷಿನ್ ನಿಂತುಬಿಡತೈತಿ

ಗದಗ_ಪ್ರೆಸ್:
ಗದಗದಾಗ ಪ್ರಿಂಟಿಂಗ್ ಪ್ರೆಸ್. ಡೆಬಿಯನ್ ಸರ್ವರ್ ಒಂದು, ಡಿಟಿಪಿ ಮಷಿನ್ ಆರು, ಎಲ್ಲಾ ಲಿನಕ್ಸ್. ಸರ್ವರ್‌ನ ಫೋಲ್ಡರ್ ಎನ್‌ಎಫ್‌ಎಸ್‌ನಿಂದ ನೆಟ್‌ವರ್ಕ್ ಮ್ಯಾಲೆ ಹಂಚೇವಿ. ಹೋದ ವಾರ ಸರ್ವರ್‌ಗೆ ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿ, ಎಲ್ಲಾ ಕಡೆ ಎಂಟಿಯು (ಒಂದು ಸಲಕ್ಕ ಕಳಿಸೋ ಪ್ಯಾಕೆಟ್‌ನ ಗರಿಷ್ಠ ಅಳತಿ, ಬೈಟ್‌ನ್ಯಾಗ) 9000 ಮಾಡೇವಿ. ಮೌಂಟ್ (ಸರ್ವರ್ ಫೋಲ್ಡರ್ ಮಷಿನ್‌ಗೆ ಜೋಡಿಸೂದು) ಆಗತೈತಿ, ಸಣ್ಣ ಫೈಲ್ ತೆರಿತಾವು. 300 ಎಂಬಿ ಪೋಸ್ಟರ್ ತೆಗೆದ್ರ ಸತ್ತಂಗ ನಿಂತುಬಿಡತೈತಿ. ಲೋಡ್ (ಓಡೋ, ಕಾಯೋ ಪ್ರೊಸೆಸ್‌ಗಳ ಸರಾಸರಿ) 12 ದಾಟತೈತಿ, ಸಿಪಿಯು ನೋಡಿದ್ರ ಖಾಲಿ. ಕರ್ನಲ್ (ಲಿನಕ್ಸ್‌ನ ತಿರುಳು) ಲಾಗ್ ತೋರಿಸೋ ಡಿಮೆಸೇಜ್‌ನ್ಯಾಗ "ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್", ಆಮ್ಯಾಲೆ "ಬ್ಲಾಕ್ಡ್ ಫಾರ್ ಮೋರ್ ದ್ಯಾನ್ 120 ಸೆಕೆಂಡ್ಸ್". ಕರ್ನಲ್ ಕ್ರ್ಯಾಶ್ ಏನ್ರಿ ಇದು? ಮೌಂಟ್ 'ಸಾಫ್ಟ್' ಮಾಡಿದ್ರ ಸರಿಹೋದೀತs?

ಕರ್ನಲ್_ಕಾಕಾ:
ಕ್ರ್ಯಾಶ್ ಅಲ್ರಿ. ಆ 120ರ ಸಾಲು ಬರೇ ಎಚ್ಚರಿಕೆ, ಕರ್ನಲ್ ಜೀವಂತ ಅದ. ಪ್ರೊಸೆಸ್ ಪಟ್ಟಿ ತೋರಿಸೋ ಪಿಎಸ್ ಕಮಾಂಡ್‌ನಾಗ 'ಡಿ' ಸ್ಥಿತಿ (ಡಿಸ್ಕ್ ಇಲ್ಲಾ ನೆಟ್‌ವರ್ಕ್ ಉತ್ತರಕ್ಕ ಕಾಯೋದು) ಕಾಣಸ್ತದ ನೋಡ್ರಿ. ಉತ್ತರಕ್ಕ ಕಾಯೋ ಆ ಪ್ರೊಸೆಸ್ಸೂ ಲೋಡ್ ಲೆಕ್ಕಕ್ಕ ಬರ್ತಾವ. ಅದಕ್ಕs ಸಿಪಿಯು ಖಾಲಿ, ಲೋಡ್ 12.

ನನ್ನ ಸಂಶಯ ನಡುವಿನ ಸ್ವಿಚ್ ಮ್ಯಾಲೆ. ಎರಡೂ ತುದಿ 9000 ಅಂತ ಒಪ್ಕೊಂಡಾವ, ಸ್ವಿಚ್ 1500ರದ್ದು ಇದ್ರ ದೊಡ್ಡ ಫ್ರೇಮ್ ಸದ್ದಿಲ್ಲದs ಬಿಸಾಕ್ತದ, ಯಾರಿಗೂ ಹೇಳೂದಿಲ್ಲ. ಸಣ್ಣ ಉತ್ತರ ಪಾರಾಗ್ತದ, ದೊಡ್ಡದು ಅಲ್ಲೇ ಗುಳುಂ. ಮಷಿನ್‌ದಿಂದ ಸರ್ವರ್‌ಗೆ 'ಪಿಂಗ್ -ಎಂ ಡು -ಎಸ್ 8972' ಕೊಡ್ರಿ ('ಎಂ' ದೊಡ್ಡಕ್ಷರ, ಪ್ಯಾಕೆಟ್ ಒಡೀದs ಕಳಸ್ತದ; 9000ದಾಗ ಹೆಡರ್ 28 ಬೈಟ್ ಕಳೀರಿ). ಆಮ್ಯಾಲೆ 1472.

'ಸಾಫ್ಟ್' ಮಾತ್ರ ಬ್ಯಾಡ. ಮರುಪ್ರಯತ್ನ ಮುಗಿದು ಟೈಮ್‌ಔಟ್ ಆದ ಕೂಡಲೇ ಅಪ್ಲಿಕೇಶನ್‌ಗೆ ಐಒ (ಓದೂ-ಬರೆಯೂ) ಎರರ್ ಬರ್ತದ. ಸೇವ್ ಮಾಡೂ ಹೊತ್ತಿಗೆ ಬಂದ್ರ ಅರ್ಧ ಫೈಲ್ ಉಳೀತದ. 'ಹಾರ್ಡ್' ಇರ್ಲಿ, ಅದು ಸರ್ವರ್ ಉತ್ತರ ಕೊಡೂತನಕ ಕಾಯ್ತದ. ಇನ್ನೊಂದು, ಉತ್ತರಕ್ಕ ಎಷ್ಟು ಹೊತ್ತು ಕಾಯಬೇಕು ಅನ್ನೋ 'ಟೈಮಿಯೋ' ಸೆಕೆಂಡಿನ ಲೆಕ್ಕ ಅಲ್ಲ, ಸೆಕೆಂಡಿನ ಹತ್ತನೇ ಒಂದು ಪಾಲು. 600 ಅಂದ್ರ 60 ಸೆಕೆಂಡ್. 60 ಅಂತ ಬರದು ಆರೇ ಸೆಕೆಂಡ್ ಸಿಕ್ಕು ಒದ್ದಾಡೋರು ಭಾಳ ಮಂದಿ.

ಗದಗ_ಪ್ರೆಸ್:
8972 ಹೋಗವಲ್ದು, 1472 ಹೋಗತೈತಿ. ಸ್ವಿಚ್‌ನ್ಯಾಗ ಸೆಟ್ಟಿಂಗೇ ಇಲ್ರಿ, ಅಗ್ಗದ್ದು.

ಕರ್ನಲ್_ಕಾಕಾ:
ಹಂಗಾದ್ರ ಎಲ್ಲಾ ಕಡೆ 1500ಕ್ಕ ತರ್ರಿ. 'ಐಪಿ ಲಿಂಕ್ ಸೆಟ್' ಮಾಡಿದ್ದು ರೀಬೂಟ್‌ಗೆ ಹೋಗ್ತದ, ನೆಟ್‌ವರ್ಕ್ ಕಾನ್ಫಿಗ್ ಫೈಲ್‌ನಾಗೂ ತಿದ್ದ್ರಿ.

ಹಳೆ_ಹುಬ್ಬಳ್ಳಿ:
ಅದಾದ ಮ್ಯಾಲೂ ನಿಧಾನ ಅನಿಸಿದ್ರ 'ಎನ್‌ಎಫ್‌ಎಸ್‌ಐಒಸ್ಟ್ಯಾಟ್ 5' (ಐದು ಸೆಕೆಂಡಿಗೊಮ್ಮೆ ಲೆಕ್ಕ ತೋರಸ್ತೈತಿ) ಹಾಕಿ ಎರಡು ಅಂಕಿ ನೋಡ್ರಿ: ಆರ್‌ಟಿಟಿ ಅಂದ್ರ ಕಳಿಸಿದ್ದಕ್ಕ ಉತ್ತರ ಬರೂ ಹೊತ್ತು, ಎಕ್ಸಿ ಅಂದ್ರ ಸಾಲಿನ್ಯಾಗ ಕಾದದ್ದೂ ಸೇರಿ ಒಟ್ಟು ಹೊತ್ತು. ಆರ್‌ಟಿಟಿ ಕಡಿಮಿ, ಎಕ್ಸಿ ಜಾಸ್ತಿ ಇದ್ರ ಸಾಲು ನಿಂತಿದ್ದು ನಿಮ್ಮ ಮಷಿನ್‌ನ್ಯಾಗ; ಮೌಂಟ್‌ಗೆ 'ಎನ್‌ಕನೆಕ್ಟ್=4' (ಸರ್ವರ್‌ಗೆ ನಾಲ್ಕು ಕನೆಕ್ಷನ್) ಹಾಕ್ರಿ, ಕರ್ನಲ್ 5.3ರಿಂದ ಐತಿ. ಆರ್‌ಟಿಟಿನೇ ಜಾಸ್ತಿ ಇದ್ರ ನೆಟ್‌ವರ್ಕ್ ಇಲ್ಲಾ ಸರ್ವರ್ ಡಿಸ್ಕ್. ಸರ್ವರ್‌ನ ಎನ್‌ಎಫ್‌ಎಸ್ ಥ್ರೆಡ್ (ಕೇಳಿದ್ದು ಪೂರೈಸೋ ಕೆಲಸಗಾರರು ಇದ್ದಂಗ) 8 ಇದ್ರ 16 ಮಾಡಿ ನೋಡ್ರಿ.

ಯಾರರೆ 'ಎಸಿಂಕ್ ಹಾಕ್ರಿ, ಹಾರತೈತಿ' ಅಂದ್ರ ಕೇಳಬ್ಯಾಡ್ರಿ. ಹಾರತೈತಿ ಖರೆ, ಆದ್ರ ಡಿಸ್ಕಿಗೆ ಬೀಳೂಕಿಂತ ಮೊದ್ಲs ಸರ್ವರ್ "ಆತು" ಅಂತೈತಿ. ಆವಾಗ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ರ ಸೇವ್ ಆಗೇತಿ ಅಂದ ಪೋಸ್ಟರ್ ಇರೂದಿಲ್ಲ.

ಗದಗ_ಪ್ರೆಸ್:
1500 ಮಾಡಿದ್ಮ್ಯಾಲೆ "ಸರ್ವರ್ ಓಕೆ" ಬಂತು, ಪೋಸ್ಟರ್ ತೆರೀತು. ಎಕ್ಸ್‌ಪೋರ್ಟ್ಸ್ ಫೈಲ್ (ಸರ್ವರ್ ಹಂಚೋ ಫೋಲ್ಡರ್‌ಗಳ ಪಟ್ಟಿ) ನೋಡಿದ್ರ ಮೊದ್ಲಿಂದನೂ ಎಸಿಂಕ್ ಐತ್ರಿ. ತೆಗೀತೀನಿ.