ಅಪ್ಪನ ಹೆಬ್ಬೆರಳಿಗೆ ಹೊಂದುವ ಪ್ಲೇಯರ್

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಅಪ್ಪ ಇಲ್ಲ. ಹಾಗಾಗಿ ಅವರ ವಿಷಯವನ್ನು ಅಲ್ಲಿ ಬಿಚ್ಚು ಮನಸ್ಸಿನಿಂದ ಮಾತಾಡುತ್ತೇವೆ. ಈ ಡಿಸೆಂಬರಿಗೆ ಅಪ್ಪನಿಗೆ 75 ತುಂಬುತ್ತದೆ. ಎಲ್ಲರೂ ದುಡ್ಡು ಹಾಕಿ ಹಾಡು ಕೇಳಲು ಒಂದು ಪ್ಲೇಯರ್ ಕೊಡಿಸೋಣ ಎಂದು ಬೆಂಗಳೂರಿನ ಅಣ್ಣ ಶುರು ಮಾಡಿದ. ಕಳೆದ ಶನಿವಾರ ರಾತ್ರಿ ಒಂದು ಫೋಟೊ ಹಾಕಿದ. ಅಲ್ಲಿಂದ ನಡೆದ ಮಾತನ್ನು ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ತೋಟದ ಮನೆಯಲ್ಲಿ ವಯಸ್ಸಾದವರಿರುವ ಬೇರೆಯವರಿಗೂ ಉಪಯೋಗವಾಗಬಹುದು. ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟದ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ.

ಅಣ್ಣ: ಇದನ್ನು ನೋಡಿ. ಟಚ್ ಸ್ಕ್ರೀನ್, ವೈಫೈ, ಬ್ಲೂಟೂತ್ ಎಲ್ಲ ಇದೆ. ಹೈ-ರೆಸ್ ಆಡಿಯೊ, 192 ಕಿಲೋಹರ್ಟ್ಸ್ ತನಕ. ಜೊತೆಗೆ ಹೊರಗಿನ ಸದ್ದು ಕೇಳಿಸದಂಥ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್. ಎರಡೂ ಸೇರಿ 38 ಸಾವಿರ. ಐದು ಮನೆಗೆ ಹಂಚಿದರೆ ತಲಾ 7,600.

ಅಕ್ಕ: ಚೆನ್ನಾಗಿದೆ ಕಣೋ. ಆದರೆ ಈಗ ಪ್ಲೇಯರ್ ಯಾರು ತಗೊಳ್ತಾರೆ? ಐಪಾಡ್ ಮಾಡುವುದನ್ನೇ 2022ರಲ್ಲಿ ನಿಲ್ಲಿಸಿದರು. ಅಪ್ಪನ ಹತ್ತಿರ ಫೋನ್ ಇದೆ ಅಲ್ವಾ? ಅದರಲ್ಲೇ ಕೇಳಬಹುದು.

ನಾನು: ಫೋನ್ ಇದೆ ಅಕ್ಕ. ಹೊಳೆ ಬದಿಯ ತೋಟಕ್ಕೆ ಇಳಿದರೆ ಸಿಗ್ನಲ್ ಒಂದು ಕಡ್ಡಿಯೂ ಇರುವುದಿಲ್ಲ. ಜುಲೈನಲ್ಲಿ ಸಿಲ್ವರ್ ಮರ ಲೈನ್ ಮೇಲೆ ಬಿದ್ದು ನಾಲ್ಕು ರಾತ್ರಿ ಕರೆಂಟ್ ಇರಲಿಲ್ಲ ಅಂತ ಹೇಳಿದ್ದೆನಲ್ಲ. ಎರಡನೇ ದಿನಕ್ಕೆ ಟವರೂ ಹೋಯಿತು. ಫೋನಿನಲ್ಲಿ ಉಳಿದಿದ್ದ ಚೂರು ಚಾರ್ಜನ್ನು ಅಪ್ಪ ಮುಟ್ಟಲೇ ಇಲ್ಲ. ‘ಅಮ್ಮನಿಗೆ ರಾತ್ರಿ ಏನಾದರೂ ಆದರೆ ಬೇಕು’ ಅಂತ ಆಫ್ ಮಾಡಿ ದಿಂಬಿನ ಕೆಳಗೆ ಇಟ್ಟುಕೊಂಡರು. ಅಷ್ಟು ದಿನವೂ ಜಗಲಿಯಲ್ಲಿ ಸುಮ್ನೆ ಕೂತಿದ್ದರು. ಹಾಡಿಗೆ ಬೇರೆಯದೇ ಬ್ಯಾಟರಿ ಇರಬೇಕು. ಪ್ಲೇಯರ್ ಬೇಕು ಎನ್ನುವುದರಲ್ಲಿ ಅಣ್ಣನ ಮಾತು ಸರಿ.

ಅಣ್ಣನ ಮಗ: ಅತ್ತೆ, ಆಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟರೆ ನೆಟ್ ಬೇಡ.

ನಾನು: ಅದೂ ನೋಡಿದ್ದೇನೆ ಪುಟ್ಟ. ಸ್ಪಾಟಿಫೈನಲ್ಲಿ ಡೌನ್‌ಲೋಡ್ ಮಾಡಿದ್ದರೂ 30 ದಿನಕ್ಕೊಮ್ಮೆಯಾದರೂ ನೆಟ್ ಸಿಗಬೇಕು. ಆ ಹಾಡು ಆಪಿನ ಒಳಗೇ ಇರುತ್ತದೆ, ತೆಗೆದು ಕಾರ್ಡಿಗೆ ಹಾಕಲು ಬರುವುದಿಲ್ಲ. ಅಪ್ಪನಿಗೆ ತಿಂಗಳ ಬಾಡಿಗೆಯ ಹಾಡು ಬೇಡ.

ಅಣ್ಣ: ಹಾಗಾದರೆ ಒಪ್ಪಿಗೆ ಆಯಿತು. ಆರ್ಡರ್ ಹಾಕಲಾ?

ನಾನು: ಪ್ಲೇಯರಿಗೆ ಒಪ್ಪಿಗೆ. ಈ ಪ್ಲೇಯರಿಗೆ ಇಲ್ಲ.

ಅಣ್ಣ: ಯಾಕೆ?

ನಾನು: ಅಪ್ಪನ ಬಲಗೈ ಹೆಬ್ಬೆರಳನ್ನು ಹತ್ತಿರದಿಂದ ನೋಡಿ ಎಷ್ಟು ದಿನ ಆಯಿತು ಅಣ್ಣ? ಐವತ್ತು ವರ್ಷ ಕತ್ತಿ ಹಿಡಿದ ಬೆರಳು. ತುದಿಯಲ್ಲಿ ಚರ್ಮ ಕಲ್ಲಿನ ಹಾಗಿದೆ. ಅಡ್ಡಕ್ಕೆ ಎರಡು ಬಿರುಕು, ಅದರೊಳಗೆ ಕಾಫಿ ಕರೆ ಕೂತು ಕಪ್ಪಾಗಿದೆ, ಸೋಪಿಗೂ ಹೋಗುವುದಿಲ್ಲ. ಮೊನ್ನೆ ನಿನ್ನ ಕಾಲ್ ಬಂದಾಗ ಆ ಬೆರಳಲ್ಲಿ ಸ್ಕ್ರೀನನ್ನು ಮೂರು ಸಲ ಎಳೆದರು. ಫೋನಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಕಿರುಬೆರಳಲ್ಲಿ ಎಳೆದರು, ಅಷ್ಟರಲ್ಲಿ ಕಟ್ ಆಯಿತು. ‘ಇಟ್ಟುಬಿಟ್ಟ’ ಅಂದರು.

ಅಣ್ಣ: ಅವತ್ತು ಅಪ್ಪ ಬೇಕಂತಲೇ ತೆಗೆಯಲಿಲ್ಲ ಅಂದುಕೊಂಡಿದ್ದೆ.

ಭಾವ: ಅವಳು ಹೇಳುವುದು ಸರಿ. ಟಚ್ ಸ್ಕ್ರೀನ್ ಒತ್ತಡ ನೋಡುವುದಿಲ್ಲ. ಗಾಜಿನ ಕೆಳಗೆ ತೆಳುವಾದ ವಿದ್ಯುತ್ ಕ್ಷೇತ್ರ ಇರುತ್ತದೆ, ಬೆರಳು ಬಂದಾಗ ಅದು ಬದಲಾಗುವುದನ್ನು ಗುರುತಿಸುತ್ತದೆ. ಒಣಗಿ ದಪ್ಪವಾದ ಚರ್ಮಕ್ಕೆ ಆ ಬದಲಾವಣೆ ಸಾಕಾಗುವುದಿಲ್ಲ. ಮಳೆ ಹನಿ ಬಿದ್ದರೆ ಇನ್ನೊಂದು ತೊಂದರೆ, ಹನಿಯನ್ನೇ ಬೆರಳು ಅಂತ ತಿಳಿದುಬಿಡುತ್ತದೆ.

ಅಣ್ಣ: ಸರಿ, ಗುಂಡಿ ಇರುವುದನ್ನೇ ಹುಡುಕೋಣ. ಆದರೆ ಧ್ವನಿಯಲ್ಲಿ ನಾನು ಬಿಟ್ಟುಕೊಡುವುದಿಲ್ಲ. ನಮ್ಮ ಫೀಸು, ಅಕ್ಕನ ಮದುವೆ ಅಂತ ಅಪ್ಪ ಯಾವಾಗಲೂ ಕಡಿಮೆ ಬೆಲೆಯದನ್ನೇ ತಗೊಂಡರು. ಟೇಪ್ ರೆಕಾರ್ಡರ್ ಕೂಡ ಸೆಕೆಂಡ್ ಹ್ಯಾಂಡ್. ಒಂದು ಸಲವಾದರೂ ಅವರಿಗೆ ಒಳ್ಳೆಯದು ಸಿಗಬೇಕು.

ನಾನು: ಆ ಆಸೆ ನನಗೂ ಇದೆ. ಒಳ್ಳೆಯದು ಅಂದರೆ ಯಾರಿಗೆ ಒಳ್ಳೆಯದು ಅನ್ನುವುದೇ ನನ್ನ ಪ್ರಶ್ನೆ. ಭಾವ, ಆ 192ರ ಲೆಕ್ಕ ನೀವೇ ಹೇಳಿ.

ಭಾವ: ಸೆಕೆಂಡಿಗೆ ಎಷ್ಟು ಸಾವಿರ ಸಲ ಧ್ವನಿಯ ಅಳತೆ ತೆಗೆದಿದ್ದಾರೆ ಎನ್ನುವ ಲೆಕ್ಕ ಅದು. ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್ ತನಕ ಕೇಳುತ್ತದೆ, ಅದೂ ಎಳೆ ವಯಸ್ಸಿನಲ್ಲಿ. ಒಂದು ಸ್ವರ ಹಿಡಿಯಲು ಅದರ ಎರಡರಷ್ಟು ವೇಗದಲ್ಲಿ ಅಳತೆ ತೆಗೆದರೆ ಸಾಕು. ಸಿಡಿಯಲ್ಲಿ 44.1 ಇಟ್ಟಿದ್ದು ಅದಕ್ಕೇ, 22ರ ತನಕ ಅದರಲ್ಲಿ ಬರುತ್ತದೆ. ವಯಸ್ಸಾದಂತೆ ಮೊದಲು ಕಳೆದುಹೋಗುವುದು ತೀರಾ ಮೇಲಿನ ಸ್ವರಗಳೇ. 75ರ ಕಿವಿಗೆ 192 ಅಂದರೆ ಬರೀ ಡಬ್ಬದ ಮೇಲಿನ ಅಂಕಿ. ಪಿ.ಬಿ. ಶ್ರೀನಿವಾಸ್ ಹಾಡಿದ ಕಪ್ಪು ಬಿಳುಪು ಕಾಲದ ಹಾಡಿನಲ್ಲಿ ಮೂಲ ರೆಕಾರ್ಡಿಂಗಿನಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ತರುವುದಿಲ್ಲ.

ಅಣ್ಣ: ಎಂಪಿ3ಗಿಂತ ಫ್ಲ್ಯಾಕ್ ಒಳ್ಳೆಯದು ಎನ್ನುವುದಾದರೂ ನಿಜ ತಾನೇ?

ಭಾವ: ನಿಜ. ಎರಡೂ ಹಾಡು ಇಡುವ ಫೈಲಿನ ಬಗೆ. ಫೈಲ್ ಚಿಕ್ಕದಾಗಲಿ ಅಂತ ಎಂಪಿ3 ಧ್ವನಿಯಲ್ಲಿ ಸ್ವಲ್ಪ ಬಿಟ್ಟುಬಿಡುತ್ತದೆ. ಸಿಡಿಯಿಂದ ನೇರ ತೆಗೆದರೆ ಫ್ಲ್ಯಾಕ್‌ನಲ್ಲಿ ಏನೂ ನಷ್ಟವಾಗುವುದಿಲ್ಲ. ಆದರೆ ಒಮ್ಮೆ ಎಂಪಿ3 ಮಾಡಿದ ಹಾಡನ್ನು ಮತ್ತೆ ಫ್ಲ್ಯಾಕ್ ಮಾಡಿದರೆ ಫೈಲ್ ದಪ್ಪ ಆಗುತ್ತದೆ ಅಷ್ಟೇ, ಹೋದದ್ದು ವಾಪಸ್ ಬರುವುದಿಲ್ಲ.

ಚಿಕ್ಕಪ್ಪ: ಈಗಷ್ಟೇ ಎಲ್ಲ ಓದಿದೆ. ಸಾರೆಗಾಮ ಕಾರವಾನ್ ಕನ್ನಡದ್ದು ಬರುತ್ತದಲ್ಲ, ಅದು ಆಗಬಹುದಲ್ವಾ? ಹಳೆ ರೇಡಿಯೊ ಥರ ಇದೆ. ಹಾಡೆಲ್ಲ ತುಂಬಿಸಿಯೇ ಕೊಡುತ್ತಾರೆ.

ನಾನು: ಚಿಕ್ಕಪ್ಪ, ಮನೆಯೊಳಗೆ ಇಡಲು ಅದು ನನಗೂ ಇಷ್ಟ. ಆದರೆ ಅಪ್ಪ ಹಗಲಿಡೀ ಮನೆಯಲ್ಲಿ ಕೂರುವವರಲ್ಲ ಅಲ್ವಾ. ಹಣ್ಣು ಕುಯ್ಯಲು ಶುರುವಾದರೆ ಬೆಳಿಗ್ಗೆ ತೋಟ, ಸಂಜೆ ಕಣ. ಅಂಗಿ ಜೇಬಿಗೆ ಹೋಗುವಂಥದ್ದು ಬೇಕು.

ಅಣ್ಣ: ಅದಕ್ಕೇ ಹೆಡ್‌ಫೋನ್ ಹೇಳಿದ್ದು. ಜೇಬಿನಲ್ಲಿ ಪ್ಲೇಯರ್, ಕಿವಿಗೆ ಹೆಡ್‌ಫೋನ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದೂ ಕೇಳುವುದಿಲ್ಲ.

ನಾನು: ಇದಕ್ಕೆ ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. ಹೆಡ್‌ಫೋನ್ ಬೇಡವೇ ಬೇಡ. ಹೋದ ತಿಂಗಳು ಕೆಳಗಿನ ಗದ್ದೆ ಬದಿಯಿಂದ ಮೂರು ಆನೆ ಬಂದು ಬಾಳೆ ಮುರಿದು ಹೋದವು. ಅಪ್ಪ ಮೇಲಿನ ದಾರಿಯಲ್ಲೇ ಇದ್ದರು. ಕೊಂಬೆ ಲಟಕ್ ಅಂದ ಸದ್ದು ಕೇಳಿ ನಿಂತರು, ಆಮೇಲೆ ನಾಯಿ ಬೊಗಳಿತು, ಹಿಂದಕ್ಕೆ ಬಂದರು. ಕಾಫಿ ಗಿಡದ ನಡುವೆ ಆನೆ ಹತ್ತು ಮಾರು ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ತೋಟದಲ್ಲಿ ನಮ್ಮನ್ನು ಕಾಯುವುದು ಕಿವಿ. ಆ ಕಿವಿಯನ್ನು ಮುಚ್ಚಲು ನಾವೇ ದುಡ್ಡು ಕೊಡುವುದಾ?

ಅಕ್ಕ: ಅಯ್ಯೋ. ಈ ಮೂರು ಆನೆ ವಿಷಯ ನಮಗೆ ಯಾರೂ ಹೇಳಲೇ ಇಲ್ಲ.

ಅಣ್ಣ: ಹೆಡ್‌ಫೋನ್ ಬಿಟ್ಟೆ. ಈಗ ನೀನೇ ಹೇಳು, ಎಂಥದ್ದು ಬೇಕು?

ನಾನು: ಮೊನ್ನೆ ಕುಶಾಲನಗರಕ್ಕೆ ಹೋದಾಗ ಎರಡು ಅಂಗಡಿ ನೋಡಿ ಬಂದೆ. ಅಂಗೈ ಅಗಲದ ಚಿಕ್ಕ ಡಬ್ಬಿ, ಒಳಗೇ ಸ್ಪೀಕರ್, ಮೆಮೊರಿ ಕಾರ್ಡ್ ಹಾಕುವ ಜಾಗ, ಎಫ್‌ಎಂ, ಎಳೆದು ಉದ್ದ ಮಾಡುವ ಏರಿಯಲ್. ಎರಡು ಸಾವಿರದ ಒಳಗೆ ಬರುತ್ತದೆ. ಗುಂಡಿಗಳು ಉಬ್ಬಿಕೊಂಡಿವೆ, ಒತ್ತಿದರೆ ಟಕ್ ಅನ್ನುತ್ತವೆ. ಅಂಗಡಿಯವರ ಎದುರೇ ಕಣ್ಣು ಮುಚ್ಚಿಕೊಂಡು ಪ್ಲೇ ಯಾವುದು, ಮುಂದಿನ ಹಾಡು ಯಾವುದು ಅಂತ ಹುಡುಕಿದೆ. ಮೂರನೇ ಸಲಕ್ಕೆ ಬೆರಳಿಗೆ ಗೊತ್ತಾಯಿತು. ಕರೆಂಟ್ ಹೋದ ರಾತ್ರಿ ಅಪ್ಪ ಮಾಡಬೇಕಾದದ್ದು ಅದೇ ತಾನೇ.

ಮುಖ್ಯವಾದದ್ದು ಬ್ಯಾಟರಿ. ಹಿಂದಿನ ಮುಚ್ಚಳ ತೆಗೆದರೆ ಬಿಎಲ್-5ಸಿ. ಹಳೆ ನೋಕಿಯಾ 1100ರಲ್ಲಿ ಇತ್ತಲ್ಲ, ಅದೇ. ಈಗಲೂ ಸುಂಟಿಕೊಪ್ಪದ ಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ತಗೊಂಡು ಒಂದನ್ನು ಚಾರ್ಜ್ ಮಾಡಿ ಡಬ್ಬಿಯಲ್ಲಿ ಇಟ್ಟರೆ ಕರೆಂಟ್ ಹೋದಾಗ ಬದಲಾಯಿಸಬಹುದು. ನೀನು ಕಳಿಸಿದ್ದರಲ್ಲಿ ಬ್ಯಾಟರಿ ಒಳಗೇ ಅಂಟಿಸಿರುತ್ತಾರೆ. ಎರಡು ಮೂರು ವರ್ಷದಲ್ಲಿ ಅದು ಸೋತರೆ ಬಿಚ್ಚಿಸಲು ಬೆಂಗಳೂರಿಗೇ ತರಬೇಕು.

ಅಣ್ಣನ ಮಗ: ನಾವು ಕಳಿಸಿದ್ದರಲ್ಲಿ ಎಫ್‌ಎಂ ಇಲ್ಲ ಅತ್ತೆ, ಈಗ ನೋಡಿದೆ.

ನಾನು: ಆಕಾಶವಾಣಿ ಮಡಿಕೇರಿ 103.1 ಇಲ್ಲದೆ ನಿಮ್ಮ ತಾತನಿಗೆ ಬೆಳಗಾಗುವುದಿಲ್ಲ. ಅರೆಭಾಷೆ ಕಾರ್ಯಕ್ರಮ ಬಂದರೆ ಕಾಫಿ ಲೋಟ ಕೈಯಲ್ಲೇ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಸುದ್ದಿಯೂ ಅದರಲ್ಲೇ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಮೇಲೆ ಮಳೆ ಜೋರಾದಾಗಲೆಲ್ಲ ಅಪ್ಪ ರೇಡಿಯೊ ಹತ್ತಿರ ಇಟ್ಟುಕೊಂಡೇ ಮಲಗುತ್ತಾರೆ.

ಭಾವ: ಒಂದು ಪರೀಕ್ಷೆ ಮಾಡಿದೆಯಾ? ಆಫ್ ಮಾಡಿ ಮತ್ತೆ ಆನ್ ಮಾಡಿದರೆ ನಿಂತ ಜಾಗದಿಂದಲೇ ಶುರುವಾಗುತ್ತದಾ?

ನಾನು: ಅದನ್ನೇ ಮೊದಲು ನೋಡಿದ್ದು ಭಾವ. ಒಂದು ಪ್ಲೇಯರ್ ಮೊದಲ ಹಾಡಿಗೇ ವಾಪಸ್ ಹೋಯಿತು. ಇನ್ನೊಂದು ನಿಂತಲ್ಲಿಂದಲೇ ಮುಂದುವರಿಯಿತು. ಸಿನಿಮಾ ಹಾಡಾದರೆ ಪರವಾಗಿಲ್ಲ. ಅಪ್ಪ ಕೇಳುವುದು ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಮೂರು ಗಂಟೆಯದು ಒಂದೇ ಫೈಲ್. ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳುತ್ತಾ ವಾದ ಏರುವ ಹೊತ್ತಿಗೆ ಹಣ್ಣು ತೂಕ ಮಾಡುವವರು ಬಂದು ಕರೆದರೆ ಆಫ್ ಮಾಡಬೇಕು. ಮತ್ತೆ ಹಾಕಿದಾಗ ಪೀಠಿಕೆಯಿಂದ ಶುರುವಾದರೆ ಎರಡನೇ ದಿನಕ್ಕೆ ಅದನ್ನು ಮೂಲೆಗೆ ಇಡುತ್ತಾರೆ.

ಭಾವ: ಕಾರ್ಡ್ 32 ಜಿಬಿಯದೇ ತಗೊಳ್ಳಿ. ಇಂಥ ಎಷ್ಟೋ ಪ್ಲೇಯರ್ ಅದಕ್ಕಿಂತ ದೊಡ್ಡದನ್ನು ಓದುವುದಿಲ್ಲ. 128 ಕೆಬಿಪಿಎಸ್ ಗುಣಮಟ್ಟದ ಎಂಪಿ3 ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 1 ಎಂಬಿ. 500 ಗಂಟೆಗಿಂತ ಜಾಸ್ತಿ ಹಿಡಿಸುತ್ತದೆ. ಬರೀ ಮಾತಿನದಾದರೆ 64 ಸಾಕು, ಇನ್ನೂ ಎರಡರಷ್ಟು. ತೀರಾ ಅಗ್ಗಕ್ಕೆ ಸಿಗುವ ದೊಡ್ಡ ಕಾರ್ಡಿನ ಆಸೆಗೆ ಹೋಗಬೇಡಿ. ಅದರಲ್ಲಿ ನಕಲಿ ಜಾಸ್ತಿ, ಒಳಗೆ ಅಷ್ಟು ಜಾಗವೇ ಇರುವುದಿಲ್ಲ, ತುಂಬಿದ್ದು ಹಾಳಾಗುತ್ತದೆ.

ಅಣ್ಣ: ಎಲ್ಲ ಸರಿ. ಆದರೆ ಅಪ್ಪನ 75ಕ್ಕೆ ನಾವೆಲ್ಲ ಸೇರಿ ಎರಡು ಸಾವಿರದ ಡಬ್ಬಿ ಕೊಡುವುದಾ? ಅದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ.

ಈ ಮೆಸೇಜ್ ಬಂದ ಮೇಲೆ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ನಾನು ಎದ್ದು ಅಟ್ಟಕ್ಕೆ ಹೋಗಿ ಬಿಸ್ಕತ್ತಿನ ಟಿನ್ನು ಇಳಿಸಿ, ಮುಚ್ಚಳ ತೆಗೆದು ಫೋಟೊ ಹಾಕಿದೆ.

ನಾನು: ಇದರಲ್ಲಿ ಆರು ಕ್ಯಾಸೆಟ್ ಇವೆ. ನಮ್ಮ ಜಗಲಿಯಲ್ಲಿ ನಡೆದ ತಾಳಮದ್ದಳೆ. ಅಜ್ಜ ಅರ್ಥ ಹೇಳಿದ್ದು, ಅಪ್ಪ ರೆಕಾರ್ಡ್ ಮಾಡಿದ್ದು. ಲೇಬಲ್ ಮೇಲೆ ಅಪ್ಪನ ಅಕ್ಷರ. ಟೇಪ್ ರೆಕಾರ್ಡರಿನ ಬೆಲ್ಟ್ ಕರಗಿ ಅಂಟಾಗಿದೆ, ಎಷ್ಟೋ ವರ್ಷದಿಂದ ಇವನ್ನು ಯಾರೂ ಕೇಳಿಲ್ಲ. ಎರಡರ ಅಂಚಿನಲ್ಲಿ ಬೂಷ್ಟು ಬಂದಿದೆ. ಇನ್ನು ಎರಡು ಮಳೆಗಾಲ ಕಳೆದರೆ ಇವು ನಮಗೆ ಸಿಗುವುದಿಲ್ಲ ಅಣ್ಣ. ಅಪ್ಪನಿಗೆ ದೊಡ್ಡದು ಏನಾದರೂ ಕೊಡಬೇಕು ಅಂತಿದ್ದರೆ ಇವನ್ನು ಡಿಜಿಟಲ್ ಫೈಲ್ ಮಾಡಿಸಲು ದುಡ್ಡು ಹಾಕೋಣ.

ಚಿಕ್ಕಪ್ಪ: ಇದು ಇನ್ನೂ ಇದೆಯಾ? ನಾನು ಹಾಳಾಯಿತು ಅಂದುಕೊಂಡಿದ್ದೆ. ಅವತ್ತು ಮೃದಂಗದವರಿಗೆ ಊಟ ಬಡಿಸಿದ್ದು ನಾನೇ. ಪಾತ್ರೆ ಸದ್ದು ಅದರಲ್ಲಿ ಬಂದಿದೆ ಅಂತ ನಿಮ್ಮಪ್ಪ ಬೈದಿದ್ದರು.

ಅಣ್ಣ: ಅಜ್ಜನ ಸ್ವರ ನನಗೆ ನೆನಪೇ ಇಲ್ಲ.

ಅಣ್ಣ: ಬೂಷ್ಟು ಬಂದದ್ದನ್ನು ದಯವಿಟ್ಟು ಯಾವ ಟೇಪ್ ರೆಕಾರ್ಡರಿಗೂ ಹಾಕಬೇಡ. ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಂಡು ಉಳಿದ ಕ್ಯಾಸೆಟ್ಟಿಗೂ ಹತ್ತುತ್ತದೆ. ಈ ಕೆಲಸ ಮಾಡುವವರನ್ನು ಇಲ್ಲಿ ನಾನು ಹುಡುಕುತ್ತೇನೆ. ಒಳ್ಳೆಯ ಕ್ಯಾಸೆಟ್ ಡೆಕ್‌ನಲ್ಲೇ ಹಾಕಿಸಬೇಕು. ಎಲ್ಲ 90 ನಿಮಿಷದವೇ? ಹಾಗಾದರೆ ಒಂಬತ್ತು ಗಂಟೆ, ಅಷ್ಟನ್ನೂ ಓಡಿಸಿಯೇ ತೆಗೆಯಬೇಕು. ಮೂಲ ಪ್ರತಿ ಮಾತ್ರ ಫ್ಲ್ಯಾಕ್‌ನಲ್ಲೇ ಇರಲಿ. ಅದನ್ನು ನಾನು ಬಿಡುವುದಿಲ್ಲ. ಅಪ್ಪನ ಕಾರ್ಡಿಗೆ ಅದರಿಂದ ಎಂಪಿ3 ಮಾಡಿ ಹಾಕೋಣ.

ನಾನು: ಇದರಲ್ಲಿ ನೀನು ನೂರಕ್ಕೆ ನೂರು ಸರಿ. ಮೂಲಕ್ಕೆ ಎಂಪಿ3 ಸಾಲದು.

ಅಕ್ಕ: ನನ್ನ 7,600 ಹಾಗೇ ಇರಲಿ, ಇದಕ್ಕೇ ಹಾಕು. ಟಿನ್ನಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡು, ಒಲೆ ಹತ್ತಿರ ಮಾತ್ರ ಇಡಬೇಡ. ಟೇಪಿಗೆ ಬಿಸಿಯೂ ಆಗುವುದಿಲ್ಲ.

ಅಣ್ಣ: ಮುಂದಿನ ವಾರ ನಾನೇ ಬಂದು ತಗೊಂಡು ಹೋಗುತ್ತೇನೆ. ಕೊರಿಯರ್ ಬೇಡ. ಆ ಪ್ಲೇಯರ್ ಎರಡು ತಗೋ, ಒಂದು ಅಮ್ಮನಿಗೆ.

ಅಣ್ಣನ ಮಗ: ಕಾರ್ಡ್ ನಾನು ತುಂಬಿಸುತ್ತೇನೆ ಅತ್ತೆ. ಫೈಲ್ ಹೆಸರು ಕನ್ನಡದಲ್ಲೇ ಇಡಲಾ?

ನಾನು: ಬೇಡ ಪುಟ್ಟ, ಅದರ ಪುಟಾಣಿ ಪರದೆಯಲ್ಲಿ ಕನ್ನಡ ಬರುವುದಿಲ್ಲ, ಬರೀ ಚೌಕ ಕಾಣುತ್ತದೆ. 01, 02 ಅಂತ ಅಂಕಿ ಹಾಕು. ಯಾವ ಅಂಕಿಗೆ ಯಾವುದು ಅಂತ ನಾನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. ಇನ್ನೊಂದು ವಿಷಯ. ಇಂಥ ಎಷ್ಟೋ ಪ್ಲೇಯರ್ ಹೆಸರಿನ ಕ್ರಮ ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಾಡುತ್ತವೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಬೇಡ. ಖಾಲಿ ಕಾರ್ಡಿಗೆ ಮೊದಲು ಅಜ್ಜನದು ಹಾಕು. ಅದು ಪೂರ್ತಿ ಹೋದ ಮೇಲೆ ಉಳಿದದ್ದು.